ಕಾಪಟಿಕನು ಶಾಲೆಗೆ ಬಂದುದು: ‘ಹೈಸ್ಕೂಲ್ ಕಾನ್ಫಿಡೆನ್ಶಿಯಲ್!’ ಚಿತ್ರಕ್ಕೆ ಪ್ರತಿಪದ ವ್ಯಾಖ್ಯಾನ

ಇಲ್ಲಿ ವ್ಯಾಖ್ಯಾನಕ್ಕೆ ತೆಗೆದುಕೊಂಡ ಮೂಲವು ಅಮೆರಿಕದ ಎಂ.ಜಿ.ಎಂ. ಸಂಸ್ಥೆಯು 1958ರಲ್ಲಿ ತೆರೆಗೆ ತಂದ ಕಪ್ಪು-ಬಿಳುಪಿನ ಚಿತ್ರ. ಉದ್ದ 85 ನಿಮಿಷ. ನಿರ್ದೇಶಕ ಜ್ಯಾಕ್ ಆರ್ನಾಲ್ಡ್, ನಿರ್ಮಾಪಕ ಆಲ್ಬರ್ಟ್ ಝುಗ್‌ಸ್ಮಿತ್. ಕಥೆಯ ತಿರುಳು ಇಷ್ಟು: ಊರಿಗೆ ಹೊಸಬನಾದ ಒಬ್ಬ ಪುಂಡ ಹುಡುಗ ಶಾಲೆಗೆ ಸೇರುತ್ತಾನೆ, ಗಾಂಜಾ ಎಲ್ಲಿ ಸಿಕ್ಕೀತೆಂದು ವಿಚಾರಿಸುತ್ತಾನೆ, ಚಿಲ್ಲರೆ ಮಾರುವವನ ಬೆನ್ನು ಹಿಡಿದು ಸಗಟು ಮಾರುವವನ ತನಕ ಹೋಗುತ್ತಾನೆ, ಕಡೆಗೆ ನೋಡಿದರೆ ಆ ಪುಂಡನೇ ಪೊಲೀಸು. ಅಗ್ಗದ ಚಿತ್ರವೆಂದು ಇದನ್ನು ಪಕ್ಕಕ್ಕಿಡುವುದು ಸುಲಭ. ಆದರೆ ಅಗ್ಗದ ಬಟ್ಟೆಗೂ ಹಾಸುಹೊಕ್ಕು ಉಂಟು. ಎಳೆ ಬಿಡಿಸಿದರೆ ನೂಲು ಯಾವ ಊರಿನದು, ಬಣ್ಣ ಯಾವ ತೊಟ್ಟಿಯದು ಎಂಬುದು ತಿಳಿಯುತ್ತದೆ.

ಮೊದಲಿಗೆ ಶೀರ್ಷಿಕೆಯ ಪದಚ್ಛೇದ. ‘ಹೈ’, ‘ಸ್ಕೂಲ್’, ‘ಕಾನ್ಫಿಡೆನ್ಶಿಯಲ್’, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ, ಹೀಗೆ ನಾಲ್ಕು ಅಂಗ. ‘ಹೈಸ್ಕೂಲ್’ ಎಂದರೆ ಪ್ರೌಢಶಾಲೆ, ಇದು ವಾಚ್ಯಾರ್ಥ. ‘ಹೈ’ ಎಂದರೆ ಎತ್ತರ. ಆ ಕಾಲದ ಹುಡುಗರ ಮಾತಿನಲ್ಲಿ ಅದೇ ‘ಹೈ’ ಎಂದರೆ ಅಮಲು ನೆತ್ತಿಗೇರಿದ ಸ್ಥಿತಿ. ಆದ್ದರಿಂದ ಪದವನ್ನು ಒಡೆದು ಓದಿದರೆ ಅಮಲಿನ ಶಾಲೆ ಎಂದೂ ಅರ್ಥವಾಗುತ್ತದೆ. ಇಂಥದಕ್ಕೆ ನಮ್ಮ ಆಲಂಕಾರಿಕರು ಶ್ಲೇಷ, ಅಂದರೆ ಒಂದೇ ಶಬ್ದ ಎರಡು ಅರ್ಥಗಳನ್ನು ತಬ್ಬಿಕೊಂಡಿರುವುದು, ಎಂದರು. ತಂದೆತಾಯಿಗಳು ಮೊದಲ ಅರ್ಥವನ್ನು ಓದಿ ಟಿಕೆಟ್ ಕೊಂಡರು, ಮಕ್ಕಳು ಎರಡನೆಯದನ್ನು ಓದಿ ಕೊಂಡರು ಎಂದು ಊಹಿಸಿದರೆ ಝುಗ್‌ಸ್ಮಿತ್ತನ ವ್ಯಾಪಾರಬುದ್ಧಿಗೆ ಅನ್ಯಾಯವಾಗದು.

‘ಕಾನ್ಫಿಡೆನ್ಶಿಯಲ್’ ಎಂದರೆ ಗೋಪ್ಯ, ಕಿವಿಯಲ್ಲಿ ಹೇಳತಕ್ಕದ್ದು. ಈ ಪದಕ್ಕೆ ನಿಘಂಟಿನ ಅರ್ಥವೊಂದೇ ಸಾಲದು. 1952ರಲ್ಲಿ ಆರಂಭವಾಗಿ, ಹಾಲಿವುಡ್ಡಿನವರ ಮಲಗುವ ಕೋಣೆಯ ಸುದ್ದಿಯನ್ನು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಿದ ಪತ್ರಿಕೆಯ ಹೆಸರೂ ಇದೇ ಆಗಿತ್ತು. 1957ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯದಲ್ಲಿ ಅದರ ಮೇಲೆ ದೊಡ್ಡ ಮೊಕದ್ದಮೆ ನಡೆಯಿತು. ಆದ್ದರಿಂದ 1958ರ ಪ್ರೇಕ್ಷಕನ ಕಿವಿಗೆ ಆ ಪದ ಗುಟ್ಟು ಎಂದು ಕೇಳಿಸುವುದಕ್ಕಿಂತ ರಟ್ಟು ಎಂದೇ ಕೇಳಿಸುತ್ತಿತ್ತು. ಅದರ ಮೇಲೆ ಆಶ್ಚರ್ಯಸೂಚಕ. ಗುಟ್ಟನ್ನು ಪಿಸುಗುಟ್ಟುವುದು ಲೋಕರೂಢಿ. ಇಲ್ಲಿ ಡಂಗುರ ಸಾರಲಾಗಿದೆ. ಮುಂದೆ ಬರುವ ಎಲ್ಲ ದೃಶ್ಯಗಳ ಬೀಜ ಈ ಚಿಹ್ನೆಯಲ್ಲಿದೆ: ಖಂಡಿಸುತ್ತೇನೆ ಎಂದು ಹೇಳುತ್ತ ತೋರಿಸುವುದು, ತೋರಿಸುತ್ತ ಮಾರುವುದು.

ಶೀರ್ಷಿಕೆಯ ಬಳಿಕ ನಾಂದಿ, ಎಂದರೆ ನಾಟಕಕ್ಕೆ ಮುಂಚೆ ಹಾಡುವ ಮಂಗಳಗೀತೆ. ಇಲ್ಲಿ ಆ ಸ್ಥಾನದಲ್ಲಿರುವುದು ಒಂದು ಬಯಲು ಲಾರಿ. ಅದರ ಹಲಗೆಯ ಮೇಲೆ ಪಿಯಾನೊ. ಪಿಯಾನೊ ಮುಂದೆ ಜೆರ್ರಿ ಲೀ ಲೂಯಿಸ್, ಹಿಂದೆ ಅವನ ವಾದ್ಯದವರು. ಹಾಡು ಚಿತ್ರದ ಹೆಸರಿನದೇ. ಮೆಂಫಿಸಿನ ಸನ್ ರೆಕಾರ್ಡ್ಸ್ ಅದನ್ನು ಅದೇ ವರ್ಷ ತಟ್ಟೆಯಾಗಿಯೂ ತಂದಿತು. ಲೂಯಿಸ್ ಕಥೆಯಲ್ಲಿ ಪಾತ್ರವಲ್ಲ, ಮುಂದೆ ಎಲ್ಲಿಯೂ ಬರುವುದಿಲ್ಲ. ಹಾಗಾದರೆ ಪ್ರಯೋಜನವೇನು? ನಾಂದಿಯ ಪ್ರಯೋಜನ ಸಭೆಯನ್ನು ಒಲಿಸಿಕೊಳ್ಳುವುದು. ಉಪದೇಶ ಶುರುವಾಗುವ ಮುನ್ನವೇ ಪ್ರೇಕ್ಷಕನ ಕಾಲು ತಾಳ ಹಾಕಲು ತೊಡಗಿರುತ್ತದೆ; ಪಾಠ ಕೇಳಿಸುವ ಹೊತ್ತಿಗೆ ಅವನು ಹುಡುಗರ ಕಡೆಯವನಾಗಿರುತ್ತಾನೆ. ಇದೇ ವರ್ಷದ ಮೇ ತಿಂಗಳಲ್ಲಿ, ಹದಿಮೂರರ ಬಂಧುಬಾಲಿಕೆಯನ್ನು ಲೂಯಿಸ್ ಮದುವೆಯಾಗಿದ್ದ ಸುದ್ದಿ ಹೊರಬಿದ್ದು, ಅವನ ಇಂಗ್ಲೆಂಡ್ ಪ್ರವಾಸ ನಡುವೆಯೇ ಮುರಿಯಿತು. ಮಕ್ಕಳನ್ನು ಕಾಪಾಡಬೇಕೆಂದು ಸಾರುವ ಚಿತ್ರದ ಬಾಗಿಲಲ್ಲಿ ನಿಂತು ಹಾಡಿದವನು ಇವನು.

ಊರಿನ ಹೆಸರು ಸಾಂತೊ ಬೆಲ್ಲೊ. ಇದು ಕಲ್ಪಿತ. ‘ಸಾಂತೊ’ ಎಂದರೆ ಸಂತ, ‘ಬೆಲ್ಲೊ’ ಎಂದರೆ ಚೆಲುವ. ಕ್ಯಾಲಿಫೋರ್ನಿಯದ ಊರುಗಳಿಗೆ ಸ್ಪ್ಯಾನಿಷ್ ಪಾದ್ರಿಗಳ ಕಾಲದಿಂದ ಬಂದ ಸಂತರ ಹೆಸರುಗಳ ಧಾಟಿಯನ್ನು ಹಿಡಿದು ಹೊಸೆದದ್ದು. ಕೊಳೆಗೇರಿಯಲ್ಲ, ಹುಲ್ಲುಹಾಸು ಕಾರುಗಳಿರುವ ಅನುಕೂಲಸ್ಥರ ಬಡಾವಣೆ ಎಂಬುದು ಇಲ್ಲಿಯ ಧ್ವನಿ. ಮೂರು ವರ್ಷ ಮೊದಲು ಇದೇ ಎಂ.ಜಿ.ಎಂ. ತಂದ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರ ನಗರದ ಬಡಶಾಲೆಯನ್ನು ತೋರಿಸಿತ್ತು. ಇಲ್ಲಿ ಅದೇ ಭಯ ಹಸನಾದ ಊರಿಗೆ ಮನೆ ಬದಲಿಸಿದೆ.

ಈಗ ನಾಯಕ. ಅವನಿಗೆ ಹೆಸರು ಎರಡು. ಶಾಲೆಯ ದಾಖಲೆಯಲ್ಲಿ ಟೋನಿ ಬೇಕರ್, ಪೊಲೀಸ್ ದಾಖಲೆಯಲ್ಲಿ ಮೈಕ್ ವಿಲ್ಸನ್. ಈ ಎರಡನೆಯ ಹೆಸರನ್ನು ಚಿತ್ರ ಬಹಳ ಹೊತ್ತಿನ ತನಕ ಪ್ರೇಕ್ಷಕನಿಗೂ ಹೇಳುವುದಿಲ್ಲ. ವಿರಾಟನಗರದಲ್ಲಿ ಬಲ್ಲವನ ಸೌಟು ಹಿಡಿದವನು ಭೀಮನೆಂಬುದು ಓದುಗನಿಗೆ ಗೊತ್ತು, ಕೀಚಕನಿಗೆ ಗೊತ್ತಿಲ್ಲ. ರಸ ಹುಟ್ಟುವುದು ಆ ಅಂತರದಲ್ಲಿ. ಇಲ್ಲಿ ಪ್ರೇಕ್ಷಕನೇ ಕೀಚಕ. ಟೋನಿ ಪ್ರಾಂಶುಪಾಲರಿಗೆ ಎದುರುತ್ತರ ಕೊಡುವುದನ್ನು, ಆರ್ಲಿನ್ ವಿಲಿಯಮ್ಸ್ ಎಂಬ ಅಧ್ಯಾಪಕಿಯೊಡನೆ ಸಲಿಗೆಯ ಮಾತಾಡುವುದನ್ನು, ಮೊದಲ ದಿನವೇ ಹುಡುಗರ ಗುಂಪಿನ ಮೇಲೆ ಯಜಮಾನಿಕೆ ಸಾಧಿಸಹೊರಡುವುದನ್ನು ಪ್ರೇಕ್ಷಕ ನಿಜವೆಂದೇ ನಂಬಿ ಸವಿಯುತ್ತಾನೆ. ಸವಿದದ್ದೆಲ್ಲ ಸರಕಾರಿ ಕೆಲಸವಾಗಿತ್ತೆಂದು ಆಮೇಲೆ ತಿಳಿಯುತ್ತದೆ. ಆರ್ನಾಲ್ಡನ 1954ರ ‘ಕ್ರೀಚರ್ ಫ್ರಂ ದ ಬ್ಲ್ಯಾಕ್ ಲಗೂನ್’ ಚಿತ್ರದಲ್ಲಿ ಕೊಳದ ಮೇಲೆ ಹುಡುಗಿ ಈಜುತ್ತಿದ್ದರೆ, ಅವಳ ತಳದಲ್ಲಿ, ಅವಳಿಗೆ ಕಾಣದಂತೆ, ಅವಳ ಈಜಿಗೆ ಸಮನಾಗಿ ಮತ್ತೊಂದು ಪ್ರಾಣಿ ಈಜುವ ದೃಶ್ಯವಿದೆ. ಟೋನಿ ಸಾಂತೊ ಬೆಲ್ಲೊದಲ್ಲಿ ಈಜುವುದು ಹಾಗೆ.

ಗೂಢಚಾರ ವಿದ್ಯಾರ್ಥಿ ಎಂಬ ಕಲ್ಪನೆ ಹಾಲಿವುಡ್ಡಿನ ಸೊತ್ತಲ್ಲ. 1905ರ ಸುಮಾರಿಗೆ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ಎಣಿಸುವಾಗ ಮೊಟ್ಟಮೊದಲು ಹೆಸರಿಸುವವನು ಕಾಪಟಿಕ. ಕಪಟವೇ ವೃತ್ತಿಯಾದವನು ಎಂದು ಪದದ ಅರ್ಥ. ಅವನ ಲಕ್ಷಣವನ್ನು ಕೌಟಿಲ್ಯ ಮೂರು ಗುಣಗಳಲ್ಲಿ ಹೇಳುತ್ತಾನೆ: ಪರರ ಮರ್ಮ ಬಲ್ಲವನು, ಪ್ರಗಲ್ಭನು, ಛಾತ್ರನು. ಮರ್ಮ ಎಂದರೆ ತಟ್ಟಿದರೆ ನೋಯುವ ಜಾಗ. ಟೋನಿ ಅದನ್ನು ಬೇಗ ಕಂಡುಕೊಳ್ಳುತ್ತಾನೆ. ಪ್ರಗಲ್ಭ ಎಂದರೆ ಅಳುಕಿಲ್ಲದೆ ಮಾತಾಡುವವನು. ಟೋನಿಯ ಬಾಯಿಗೆ ಬೀಗವೇ ಇಲ್ಲ. ಛಾತ್ರ ಎಂದರೆ ಗುರುವಿನ ಕೊಡೆಯ ನೆರಳಲ್ಲಿರುವವನು, ಶಿಷ್ಯ. ಈ ಮೂರನೆಯ ಗುಣವೇ ಸೂಕ್ಷ್ಮ. ಸಂನ್ಯಾಸಿಯ ವೇಷ, ವರ್ತಕನ ವೇಷ ಎಂಬುವು ಕೌಟಿಲ್ಯನ ಪಟ್ಟಿಯಲ್ಲಿ ಆಮೇಲೆ ಬರುತ್ತವೆ. ಶಿಷ್ಯನದು ಮೊದಲಿಗೇ ಬಂದಿದೆ. ಕಲಿಯಲು ಬಂದವನನ್ನು ಯಾರೂ ಶಂಕಿಸುವುದಿಲ್ಲವೆಂದು ಕಾರಣವನ್ನು ಊಹಿಸಬಹುದು. ಪಾತ್ರಧಾರಿ ರಸ್ ಟ್ಯಾಂಬ್ಲಿನ್‌ಗೆ ಚಿತ್ರ ಬಂದಾಗ 23 ವರ್ಷ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಪೋಲಿಹುಡುಗರ ನಾಯಕ ರಿಫ್ ಆದವನು ಇವನೇ, ಅಲ್ಲಿ ವೇಷವಲ್ಲ, ನಿಜವಾದ ಪುಂಡ.

ಆಕ್ಷೇಪ: ಗಾಂಜಾ ಬೇಕೆಂದು ಕೇಳಿಕೊಂಡು ಬಂದವನೇ ಪೊಲೀಸಾದರೆ, ಅಪರಾಧವನ್ನು ಹಿಡಿದವನೂ ಅವನೇ, ಹುಟ್ಟಿಸಿದವನೂ ಅವನೇ ಆಗಲಿಲ್ಲವೆ? ಈ ಪ್ರಶ್ನೆ ವ್ಯಾಖ್ಯಾನಕಾರರು ಕಲ್ಪಿಸಿದ ಪೂರ್ವಪಕ್ಷ, ಅಂದರೆ ಉತ್ತರಿಸುವುದಕ್ಕೆಂದೇ ಮುಂದಿಟ್ಟ ಎದುರುವಾದ, ಅಲ್ಲ. ಅದೇ 1958ರ ಮೇ 19ರಂದು ಅಮೆರಿಕದ ಸುಪ್ರೀಂ ಕೋರ್ಟು ಶರ್ಮನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಮಾದಕ ಚಟಕ್ಕೆ ಚಿಕಿತ್ಸೆ ಪಡೆಯಲು ವೈದ್ಯರಲ್ಲಿಗೆ ಬರುತ್ತಿದ್ದವನಿಗೆ ಅಲ್ಲಿಯೇ ಸರಕಾರದ ಮಾಹಿತಿದಾರನೊಬ್ಬ ಗಂಟುಬಿದ್ದು, ತನಗೂ ಮದ್ದು ತಂದುಕೊಡೆಂದು ಮತ್ತೆಮತ್ತೆ ಅಂಗಲಾಚಿ, ತಂದಮೇಲೆ ಹಿಡಿಸಿಕೊಟ್ಟಿದ್ದ. ಚಿಕಿತ್ಸೆಗೆ ಬಂದವನಿಗೆ ಆಗಿದ್ದ ಶಿಕ್ಷೆಯನ್ನು ನ್ಯಾಯಾಲಯ ರದ್ದುಮಾಡಿತು. ಅಮಾಯಕನಿಗೆ ಒಡ್ಡಿದ ಬಲೆ ಬೇರೆ, ಅಪರಾಧಿಗೆ ಒಡ್ಡಿದ ಬಲೆ ಬೇರೆ ಎಂಬುದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಎಳೆದ ಗೆರೆ. ಸಮಾಧಾನ: ಟೋನಿ ಕೇಳುವ ಮುಂಚೆಯೇ ಶಾಲೆಯಲ್ಲಿ ಸರಕು ಇತ್ತೆಂದು ಚಿತ್ರ ತೋರಿಸುತ್ತದೆ, ಆದ್ದರಿಂದ ದೋಷವಿಲ್ಲ. ಈ ಸಮಾಧಾನ ದೊಡ್ಡ ಮಾರಾಟಗಾರನ ಮಟ್ಟಿಗೆ ಸರಿಹೋಗುತ್ತದೆ. ಟೋನಿಯ ಸ್ನೇಹವನ್ನು ಸ್ನೇಹವೆಂದೇ ತಿಳಿದ ಹುಡುಗಿಯರ ಮಟ್ಟಿಗೆ ಚಿತ್ರ ಬಾಯಿ ಬಿಡುವುದಿಲ್ಲ.

ಅನಂತರ ಅತ್ತೆ. ಟೋನಿ ಇಳಿದುಕೊಂಡಿರುವುದು ಗ್ವೆನ್ ಎಂಬ ಅತ್ತೆಯ ಮನೆಯಲ್ಲಿ; ಪಾತ್ರಧಾರಿಣಿ ಮೇಮಿ ವ್ಯಾನ್ ಡೋರೆನ್. ಅವಳ ಗಂಡ ಮನೆಯಲ್ಲಿ ಇರುವುದೇ ಅಪರೂಪ. ಅವಳು ಅಳಿಯನನ್ನು ನೋಡುವ ನೋಟ ಅತ್ತೆಯದಲ್ಲ. ಬಿಗಿಯಾದ ಸ್ವೆಟರು, ಬಾಗಿಲಿಗೆ ಒರಗಿದ ಭಂಗಿ, ಅಳಿಯನ ಹಾಲಿನ ಲೋಟದ ಮೇಲೆ ಅವಳ ಕಣ್ಣು. ವ್ಯಾನ್ ಡೋರೆನ್ ಹುಟ್ಟಿದ್ದು 1931ರಲ್ಲಿ, ಟ್ಯಾಂಬ್ಲಿನ್ 1934ರಲ್ಲಿ; ಅತ್ತೆಗೂ ಅಳಿಯನಿಗೂ ನಾಲ್ಕು ವರ್ಷದ ಅಂತರವೂ ಇಲ್ಲ. ಕಥೆಗೆ ಈ ಪಾತ್ರದಿಂದ ಆಗಬೇಕಾದದ್ದು ಏನೂ ಇಲ್ಲವೆಂದು ಹೇಳಬಹುದು. ಆದರೆ ಮೂಲದಲ್ಲಿರುವುದು ವ್ಯರ್ಥವಾಗಲಾರದೆಂಬುದು ವ್ಯಾಖ್ಯಾನಮಾರ್ಗದ ನಿಯಮ. ಮಕ್ಕಳು ಕೆಡುವುದು ಏಕೆಂಬ ಪ್ರಶ್ನೆಗೆ ಚಿತ್ರದ ಉಪದೇಶಭಾಗ ಗಾಂಜಾ ಎಂದು ಉತ್ತರಿಸುತ್ತದೆ. ಗ್ವೆನ್ ಇರುವ ಮನೆ, ಬೇರೆ ಉತ್ತರವೂ ಇದ್ದೀತೆಂದು ಸದ್ದಿಲ್ಲದೆ ಸೂಚಿಸುತ್ತದೆ. ಸಿನಿಮಾದ ಗೋಡೆಪತ್ರದಲ್ಲಿ ಅವಳ ಮೈಮಾಟಕ್ಕೆ ಸಿಕ್ಕ ಜಾಗ ಬೇರೆ ಮಾತು.

ಭಾಷೆಯ ವಿಚಾರ ವಿಸ್ತಾರವಾಗಿ ಹೇಳತಕ್ಕದ್ದು, ಏಕೆಂದರೆ ಚಿತ್ರದ ನಿಜವಾದ ವೇಷ ಭಾಷೆಯೇ. ಹುಡುಗರು ಮನುಷ್ಯನನ್ನು ‘ಕ್ಯಾಟ್’, ಅಂದರೆ ಬೆಕ್ಕು ಎನ್ನುತ್ತಾರೆ. ಒಪ್ಪಓರಣದ ಸಂಭಾವಿತನನ್ನು ‘ಸ್ಕ್ವೇರ್’, ಅಂದರೆ ಚೌಕ ಎನ್ನುತ್ತಾರೆ. ಗಾಂಜಾಕ್ಕೆ ‘ವೀಡ್’, ಅಂದರೆ ಕಳೆ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಅದನ್ನು ಭಂಗಿಸೊಪ್ಪು ಎನ್ನುವಲ್ಲಿಯೂ ಸೊಪ್ಪೆಂಬ ಸಾದಾತನವೇ ಇದೆ. ಈ ಪರಿಭಾಷೆ ಹೊರಗಿನವರಿಗೆ ಕೋಟೆಯ ಬಾಗಿಲು. ಅದನ್ನು ಚೆನ್ನಾಗಿ ಆಡಬಲ್ಲವನು ಒಳಗಿನವನೆಂದು ಹುಡುಗರ ನಂಬಿಕೆ; ಚೆನ್ನಾಗಿ ಕಲಿತುಕೊಂಡು ಬಂದವನು ಪೊಲೀಸನೆಂದು ಕಥೆಯ ತಿರುವು. ತರಗತಿಯೊಂದರಲ್ಲಿ ಜೆ.ಐ. ಕೋಲ್‌ರಿಜ್ ಎಂಬ ಹುಡುಗ ಅಧ್ಯಾಪಕಿಯ ಜಾಗಕ್ಕೆ ಹೋಗಿ ನಿಂತು ಕೊಲಂಬಸನ ಯಾತ್ರೆಯನ್ನು ಪೂರ್ತಿ ಈ ಪರಿಭಾಷೆಯಲ್ಲೇ ಹೇಳುತ್ತಾನೆ. ಪಠ್ಯಪುಸ್ತಕದ ಮಹಾಪುರುಷ ಅವನ ಬಾಯಲ್ಲಿ ರಾಣಿಯ ಹತ್ತಿರ ದುಡ್ಡು ಗಿಟ್ಟಿಸಿಕೊಂಡ ಒಬ್ಬ ಚಾಲೂ ಆಸಾಮಿಯಾಗುತ್ತಾನೆ. ತರಗತಿ ನಗುತ್ತದೆ. ಚಿತ್ರದಲ್ಲಿ ಬುದ್ಧಿ ಅತ್ಯಂತ ಚುರುಕಾಗಿ ಮಿಂಚುವುದು ಇಲ್ಲಿ, ಅದೂ ಗಾಂಜಾ ಮಾರುವ ಹುಡುಗನ ಬಾಯಲ್ಲಿ. ಪಾತ್ರಧಾರಿ ಜಾನ್ ಡ್ರೂ ಬ್ಯಾರಿಮೋರ್, ರಂಗಭೂಮಿಯಲ್ಲಿ ಹ್ಯಾಮ್ಲೆಟ್ಟಾಗಿ ಹೆಸರಾದ ಜಾನ್ ಬ್ಯಾರಿಮೋರನ ಮಗ. ಪಾತ್ರದ ಅಡ್ಡಹೆಸರೂ ಇಂಗ್ಲಿಷ್ ಕವಿಯೊಬ್ಬನದು. ಆ ಕವಿ ಅಫೀಮಿಗೆ ದಾಸನಾಗಿದ್ದುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧ.

ಪರಿಭಾಷೆಯೊಳಗೆ ‘ಡ್ರ್ಯಾಗ್’ ಎಂಬ ಒಂದು ಪದವನ್ನು ಬೇರೆಯಾಗಿ ಬಿಡಿಸಬೇಕು. ಮೂಲಾರ್ಥ ಎಳೆ ಎಂಬ ಕ್ರಿಯೆ. ಸಿಗರೇಟಿನ ದಮ್ಮು ಎಳೆಯುವುದೂ ಡ್ರ್ಯಾಗ್, ಎರಡು ಕಾರುಗಳನ್ನು ಸಾಲಾಗಿ ನಿಲ್ಲಿಸಿ ನೇರ ರಸ್ತೆಯಲ್ಲಿ ಓಡಿಸುವ ಪಂದ್ಯವೂ ಡ್ರ್ಯಾಗ್, ಕಳೆಯದೆ ಎಳೆಎಳೆದು ಸಾಗುವ ಬೇಸರವೂ ಡ್ರ್ಯಾಗ್. ಬಿಕ್ಸ್ ಎಂಬವನ ಕ್ಲಬ್ಬಿನಲ್ಲಿ ಫಿಲಿಪಾ ಫ್ಯಾಲನ್ ಎಂಬ ನಟಿ ಓದುವ ‘ಹೈಸ್ಕೂಲ್ ಡ್ರ್ಯಾಗ್’ ಎಂಬ ಕವಿತೆ, ನಟ ಮೆಲ್ ವೆಲ್ಸ್ ಬರೆದದ್ದು, ಮೂರನೆಯ ಅರ್ಥದ ಸುತ್ತ ಹೆಣೆದದ್ದು. ಅವಳ ಮುಖದಲ್ಲಿ ಭಾವವಿಲ್ಲ, ದನಿಯಲ್ಲಿ ಏರಿಳಿತ ಕಡಿಮೆ. ನಾಳೆಯ ಮೇಲೆ ಭರವಸೆ ಉಳಿಯದವರ ಮಾತು ಅದು. ‘ಬೀಟ್ನಿಕ್’ ಎಂಬ ಪದವನ್ನು ಸ್ಯಾನ್ ಫ್ರಾನ್ಸಿಸ್ಕೊದ ಅಂಕಣಕಾರ ಹರ್ಬ್ ಕೇನ್ ಟಂಕಿಸಿದ್ದು 1958ರ ಏಪ್ರಿಲಿನಲ್ಲಿ. ಅಂದರೆ ಆ ಪದ ಹುಟ್ಟುವ ಹೊತ್ತಿಗೆ ಎಂ.ಜಿ.ಎಂ. ಅದರ ಅಣಕವನ್ನು ಸಿದ್ಧಮಾಡಿಯಾಗಿತ್ತು. ಆದರೆ ಅಣಕವಾಗಿ ಬರೆದ ಪದ್ಯ ಅವಳು ಓದುವಾಗ ಅಣಕವಾಗಿ ಉಳಿಯುವುದಿಲ್ಲ. ಇಡೀ ಚಿತ್ರದಲ್ಲಿ ಹುಡುಗರಿಗೆ ಗಾಂಜಾ ಏಕೆ ಬೇಕು ಎಂಬುದಕ್ಕೆ ಉತ್ತರದ ಹತ್ತಿರ ಬರುವ ಸ್ಥಳ ಇದೊಂದೇ; ಪೊಲೀಸರಾಗಲಿ ಅಧ್ಯಾಪಕರಾಗಲಿ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಕ್ಲಬ್ಬಿನ ಒಡೆಯ ಬಿಕ್ಸ್‌ನ ಪಾತ್ರದಲ್ಲಿರುವ ರೇ ಆಂಟನಿ ಆಗ ಮೇಮಿ ವ್ಯಾನ್ ಡೋರೆನ್‌ಳ ಗಂಡ, ನಿಜಜೀವನದಲ್ಲಿಯೂ ವಾದ್ಯವೃಂದದ ನಾಯಕ.

ಹುಡುಗರ ಗುಂಪಿನ ಹೆಸರು ವೀಲರ್ಸ್, ಡೀಲರ್ಸ್ ಎಂಬ ಜೋಡುಪದ: ಚಕ್ರ ತಿರುಗಿಸುವವರು, ವ್ಯವಹಾರ ಕುದುರಿಸುವವರು. ಕಾರೂ ವ್ಯಾಪಾರವೂ ಒಂದೇ ಉಸಿರಿನಲ್ಲಿ ಬಂದವು. ಕಾರಿನ ಪಂದ್ಯದ ದೃಶ್ಯಕ್ಕೆ ಇದಕ್ಕಿಂತ ಹೆಚ್ಚು ಟೀಕೆ ಬೇಡ; ಸಿನಿಮಾಸ್ಕೋಪಿನ ಅಗಲ ಪರದೆಗೆ ಅದು ತಕ್ಕ ಸರಕು.

ಜೋನ್ ಎಂಬ ಹುಡುಗಿ ಗಾಂಜಾ ಸೇದುತ್ತಾಳೆ. ಡೋರಿಸ್ ಎಂಬ ಇನ್ನೊಬ್ಬಳು ಹೆರಾಯಿನ್ನಿನವರೆಗೆ ಹೋಗಿದ್ದಾಳೆ. ಇವರಿಬ್ಬರನ್ನು ಏಣಿಯ ಎರಡು ಮೆಟ್ಟಿಲಾಗಿ ಓದಬೇಕೆಂಬುದು ಚಿತ್ರದ ಅಭಿಪ್ರಾಯ: ಇವತ್ತು ಸೊಪ್ಪು, ನಾಳೆ ಸೂಜಿ. ಫೆಡರಲ್ ಮಾದಕದ್ರವ್ಯ ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್ಸ್‌ಲಿಂಗರ್ 1950ರ ದಶಕದಲ್ಲಿ ಸಾರುತ್ತಿದ್ದ ಮಾತು ಇದು. 1956ರ ಮಾದಕದ್ರವ್ಯ ನಿಯಂತ್ರಣ ಕಾಯಿದೆಯು ಹದಿನೆಂಟು ತುಂಬದವರಿಗೆ ಹೆರಾಯಿನ್ ಮಾರಿದ ವಯಸ್ಕನಿಗೆ ಮರಣದಂಡನೆಯನ್ನು ಕೊಡಲೂ ಅವಕಾಶ ಮಾಡಿತ್ತು. ಇನ್ನೊಂದು ಸಂಗತಿ: ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್, ಎಂದರೆ ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡಿದ್ದ ಸೆನ್ಸಾರು ಕಟ್ಟಳೆ, 1956ರ ಡಿಸೆಂಬರಿನವರೆಗೆ ಮಾದಕ ವ್ಯಾಪಾರವನ್ನು ತೆರೆಯ ಮೇಲೆ ತರಗೊಡುತ್ತಿರಲಿಲ್ಲ. ಕಟ್ಟಳೆ ಸಡಿಲಿ ಎರಡು ವರ್ಷ ತುಂಬುವ ಮೊದಲೇ ಈ ಚಿತ್ರ ಬಂತು. ಝುಗ್‌ಸ್ಮಿತ್ ಅದೇ ವರ್ಷ ನಿರ್ಮಿಸಿದ ಆರ್ಸನ್ ವೆಲ್ಸನ ‘ಟಚ್ ಆಫ್ ಈವಿಲ್’ನಲ್ಲಿಯೂ ಪುಂಡ ಹುಡುಗರು, ಗಾಂಜಾ, ಒಂಟಿ ಮೋಟೆಲಿನಲ್ಲಿ ಸಿಕ್ಕಿಬಿದ್ದ ಹೆಂಗಸು ಇದ್ದಾರೆ. ಹೊಸದಾಗಿ ತೆರೆದ ಬಾಗಿಲಲ್ಲಿ ಅವನು ಎರಡು ಸಲ ನುಗ್ಗಿದ.

ಇನ್ನು ಖಳ. ಅವನನ್ನು ಕರೆಯುವುದು ಒಂದು ಅಕ್ಷರದಿಂದ: ಮಿಸ್ಟರ್ ಎ. ಗೀತೆಯಲ್ಲಿ ಭಗವಂತ ಅಕ್ಷರಗಳೊಳಗೆ ಅಕಾರ ತಾನೆಂದು ಹೇಳಿಕೊಂಡಿದ್ದಾನೆ. ವರ್ಣಮಾಲೆಗೆ ಮೊದಲು ಅದೇ, ಉಳಿದವು ಅದರಿಂದ. ಶಾಲೆಯೆಂಬ ಸ್ಥಳದಲ್ಲಿ ‘ಎ’ ಎಂಬುದು ಕಲಿಸುವ ಮೊದಲ ಅಕ್ಷರವೂ ಹೌದು, ಜಾಣನಿಗೆ ಸಿಗುವ ದರ್ಜೆಯೂ ಹೌದು. ಸಾಂತೊ ಬೆಲ್ಲೊದ ಅಮಲಿನ ವರ್ಣಮಾಲೆ ಇವನಿಂದ ಶುರು. ಹೊರಗಿನ ತೋರಿಕೆಗೆ ಅವನು ಕ್ಲಬ್ಬಿನಲ್ಲಿ ಪಿಯಾನೊ ನುಡಿಸುವವನು. ನಾಂದಿಯಲ್ಲಿ ಪಿಯಾನೊ, ಪಾಪದ ಮೂಲದಲ್ಲಿಯೂ ಪಿಯಾನೊ ಎಂಬ ಅನ್ವಯ ಗಮನಿಸತಕ್ಕದ್ದು.

ಪಾತ್ರಕ್ಕಿಂತ ಪಾತ್ರಧಾರಿಯ ವ್ಯಾಖ್ಯಾನ ಇಲ್ಲಿ ಹಿರಿದು. ಮಿಸ್ಟರ್ ಎ ಆದವನು ಜ್ಯಾಕಿ ಕೂಗನ್. 1921ರಲ್ಲಿ ಚಾರ್ಲಿ ಚಾಪ್ಲಿನ್ ತೆಗೆದ ‘ದ ಕಿಡ್’ನಲ್ಲಿ ದೊಗಲೆ ಚಡ್ಡಿ, ಓರೆ ಟೊಪ್ಪಿಗೆಯ ಅನಾಥ ಕೂಸಾಗಿ ಲೋಕವನ್ನೇ ಅಳಿಸಿ ನಗಿಸಿದ ಬಾಲಕ ಇವನೇ. ಆ ಚಿತ್ರದಲ್ಲಿ ಮಗು ಕಲ್ಲೆಸೆದು ಕಿಟಕಿಯ ಗಾಜು ಒಡೆಯುತ್ತದೆ. ಬೆನ್ನಿಗೆ ಗಾಜು ಹೊತ್ತ ಚಾರ್ಲಿ, ತನಗೇನೂ ಗೊತ್ತಿಲ್ಲವೆಂಬಂತೆ ಆ ಬೀದಿಗೆ ಬಂದು ರಿಪೇರಿ ಕೂಲಿ ಗಿಟ್ಟಿಸುತ್ತಾನೆ. ಮೂಲೆಯಲ್ಲಿ ಪೊಲೀಸ್ ನಿಂತಿದ್ದಾನೆ. ಬಾಲಾಪರಾಧ, ಅದಕ್ಕೆ ದೊಡ್ಡವನ ಕೈವಾಡ, ಕಾದ ಪೊಲೀಸು: ಸಾಂತೊ ಬೆಲ್ಲೊದ ಮೂರು ಅಂಶಗಳೂ ಅಲ್ಲಿಯೇ ಇದ್ದವು, ಮೂವತ್ತೇಳು ವರ್ಷ ಮೊದಲು, ನಗೆಯಾಗಿ. ಆ ಬಾಲಕ ಗಳಿಸಿದ ಲಕ್ಷಾಂತರ ಡಾಲರುಗಳನ್ನು ತಾಯಿಯೂ ಮಲತಂದೆಯೂ ಕರಗಿಸಿದ್ದರು. 1938ರಲ್ಲಿ ಅವನು ಅವರ ಮೇಲೆ ದಾವೆ ಹೂಡಿದ. ಮರುವರ್ಷ ಬಾಲನಟರ ಸಂಪಾದನೆಯನ್ನು ಕಾಯಲು ಕ್ಯಾಲಿಫೋರ್ನಿಯ ಕಾನೂನು ಮಾಡಿತು, ಅದು ಇಂದಿಗೂ ಅವನ ಹೆಸರಿನಲ್ಲಿಯೇ ಪ್ರಸಿದ್ಧ. ದೊಡ್ಡವರಿಂದ ಮೋಸಹೋದ ಮಕ್ಕಳಿಗೆ ಕಾನೂನಿನಲ್ಲಿ ಹೆಸರಾದವನನ್ನು, ಮಕ್ಕಳನ್ನು ಕೆಡಿಸುವವನ ಪಾತ್ರಕ್ಕೆ ಕರೆತಂದರು. ಬೋಳಾಗತೊಡಗಿದ ತಲೆ, ದಪ್ಪನೆಯ ಮೈ, ಮೆತ್ತನೆಯ ದನಿ. ಇಷ್ಟಕ್ಕೇ ಮುಗಿಯಲಿಲ್ಲ: ಕ್ವಿನ್ ಎಂಬ ಸಣ್ಣ ಪಾತ್ರದಲ್ಲಿ ಇದೇ ಚಿತ್ರದಲ್ಲಿ ಕಾಣಿಸಿಕೊಂಡವನು ಚಾರ್ಲ್ಸ್ ಚಾಪ್ಲಿನ್ ಜೂನಿಯರ್, ಚಾರ್ಲಿಯ ಮಗ. ತಂದೆ 1952ರಲ್ಲಿಯೇ ಅಮೆರಿಕ ಬಿಟ್ಟಾಗಿತ್ತು. ತೆರೆಯ ಮೇಲಿನ ಮಗನೂ ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಒಂದೇ ಚಿತ್ರದಲ್ಲಿ ಸೇರಿದ್ದು ಆಕಸ್ಮಿಕವೋ ಝುಗ್‌ಸ್ಮಿತ್ತನ ಚಮತ್ಕಾರವೋ, ಮೂಲದಲ್ಲಿ ಅದಕ್ಕೆ ಯಾವ ಸೂಚನೆಯೂ ಇಲ್ಲ.

ಮುಂದಿನದು ರಬ್ಬರ್ ಚೆಂಡು. ಚಿಕ್ಕ ವಸ್ತುವಾದರೂ ಚಿತ್ರದ ಕೀಲು ಇದರಲ್ಲಿದೆ. ಹೊಸಬನನ್ನು ನಂಬುವುದಕ್ಕೆ ಮೊದಲು ಮಿಸ್ಟರ್ ಎ ಪರೀಕ್ಷೆ ಒಡ್ಡುತ್ತಾನೆ: ನನ್ನೆದುರಿಗೇ ಸೂಜಿ ಚುಚ್ಚಿಕೊ. ಟೋನಿ ಮೊಣಕೈಯ ಒಳಮಡಿಕೆಯಲ್ಲಿ ಪುಟ್ಟ ಚೆಂಡೊಂದನ್ನು ಅಡಗಿಸಿಟ್ಟುಕೊಂಡು, ತೋಳು ಮಡಚಿ, ಸೂಜಿಯನ್ನು ಅದಕ್ಕೆ ಚುಚ್ಚುತ್ತಾನೆ. ಮದ್ದು ರಬ್ಬರಿನೊಳಕ್ಕೆ ಇಳಿಯುತ್ತದೆ. ಮುಖದಲ್ಲಿ ಅಮಲು ಏರುತ್ತದೆ. ವೇಷ ಹಾಕಿದವನಿಗೆ ವೇಷದ ಕರ್ಮವೂ ಅಂಟುವುದೇ ಎಂಬುದು ಇಲ್ಲಿ ಅಡಗಿರುವ ಪ್ರಶ್ನೆ. ಅಂಟದಂತೆ ಉಪಾಯ ಮಾಡಬಹುದೆಂದು ಚೆಂಡು ಹೇಳುತ್ತದೆ: ಹೊರಗೆ ಎಲ್ಲ ನಡೆಯಿತು, ರಕ್ತಕ್ಕೆ ಮಾತ್ರ ಸೇರಲಿಲ್ಲ. ಪ್ರೇಕ್ಷಕನ ಸ್ಥಿತಿಯೂ ಇದೇ ಆಗಬೇಕೆಂದು ಚಿತ್ರದ ಬಯಕೆ. ಅವನು 85 ನಿಮಿಷ ಲೂಯಿಸನ ಹಾಡು, ಗ್ವೆನ್‌ಳ ನೋಟ, ಕಾರಿನ ಓಟ, ಜೆ.ಐ.ಯ ಮಾತಿನ ಮೋಡಿ ಎಲ್ಲವನ್ನೂ ಚುಚ್ಚಿಸಿಕೊಳ್ಳುತ್ತಾನೆ. ನೀತಿಯೆಂಬ ಚೆಂಡು ಮಡಿಕೆಯಲ್ಲಿ ಇರುವುದರಿಂದ ಏನೂ ಆಗದೆಂದು ಭರವಸೆ ಕೊಡಲಾಗಿದೆ. ರಬ್ಬರು ಒಂದೇ ಒಂದು ಅಂಗುಲ ದಪ್ಪ.

ಕ್ಲಬ್ಬಿನ ಕೊನೆಯ ಹೊಡೆದಾಟ ಸಂಪ್ರದಾಯದಂತೆ ನಡೆದು, ಮಿಸ್ಟರ್ ಎ ಸಿಕ್ಕಿಬೀಳುತ್ತಾನೆ. ಅಷ್ಟರ ಮಟ್ಟಿಗೆ ಬಿಡಬಹುದು.

ಕಡೆಯದು ಭರತವಾಕ್ಯ, ಎಂದರೆ ನಾಟಕದ ಅಂತ್ಯದಲ್ಲಿ ಎಲ್ಲರಿಗೂ ಒಳಿತು ಕೋರುವ ಮಾತು. ಅದುವರೆಗೆ ಕೇಳಿರದ ಗಂಭೀರ ಗಂಡುದನಿಯೊಂದು ತೆರೆಯ ಹಿಂದಿನಿಂದ ಒಬ್ಬೊಬ್ಬರ ಗತಿಯನ್ನು ವರದಿ ಮಾಡುತ್ತದೆ. ಕಾರಿನಲ್ಲಿ ಟೋನಿ ಅಲ್ಲ, ಮೈಕ್; ಜೊತೆಗೆ ಅಧ್ಯಾಪಕಿ ಆರ್ಲಿನ್, ಜೋನ್. ಜೋನ್ ಈಗ ಸಾಮಾನ್ಯ ಸಿಗರೇಟಿಗೇ ತೃಪ್ತಳಾಗಿದ್ದಾಳೆಂದು ಆ ದನಿ ತಿಳಿಸುತ್ತದೆ. ‘ಸಾಮಾನ್ಯ’ ಎಂಬ ವಿಶೇಷಣ ಇಲ್ಲಿ ವ್ಯಾವರ್ತಕ, ಅಂದರೆ ಗಾಂಜಾ ಸಿಗರೇಟನ್ನು ಬೇರೆ ಮಾಡಿ ತೋರಿಸುವುದಕ್ಕೆ ಬಂದದ್ದು. ತಂಬಾಕಿನದು ನಿರಪಾಯವೆಂಬುದು ಅದರ ಫಲಿತಾರ್ಥ. ಈ ಒಂದು ಪದಕ್ಕೆ ಅಮೆರಿಕದ ಸರ್ಜನ್ ಜನರಲ್ ಬರೆದ ಟೀಕೆ 1964ರ ಜನವರಿ 11ರಂದು ಹೊರಬಂತು, ಅದು ಸುಮಾರು ನಾನೂರು ಪುಟದ್ದು.